‘ಅಂತೆ’ ಉದುರಿದ ಮಾತು

ಹೋದ ವರ್ಷ ನಾನೊಂದು ಗಾಳಿಸುದ್ದಿ ಹಬ್ಬಿಸಿದೆ. ಬೇಕಂತ ಅಲ್ಲ.

ಧಾರವಾಡದಲ್ಲಿ ನಾವು ಸುಮಾರು ನಲವತ್ತು ಮಂದಿ ಒಂದೇ ಖಾನಾವಳಿಯಿಂದ ಡಬ್ಬಿ ತರಿಸುತ್ತೇವೆ. ರೊಟ್ಟಿ, ಪಲ್ಯ, ಅನ್ನ, ಸಾರು. ಖಾನಾವಳಿ ನಡೆಸುವವರನ್ನು ಎಲ್ಲರೂ ಕರೆಯುವುದು ಅಕ್ಕಾರು ಅಂತ. ಒಂದು ಸೋಮವಾರ ಡಬ್ಬಿ ಬರಲಿಲ್ಲ. ಮಂಗಳವಾರವೂ ಇಲ್ಲ. ಹೋಗಿ ನೋಡಿದರೆ ಬಾಗಿಲಿಗೆ ಕೀಲಿ. ಅಷ್ಟರಲ್ಲಿ ಪಕ್ಕದ ರೂಮಿನ ಹುಡುಗ ಹೇಳಿದ: ‘ಡಬ್ಬಿ ಉಂಡ ಹುಡುಗಗ ವಾಂತಿ ಆತಂತ.’

ನಾನು ಡಬ್ಬಿ ತರಿಸುವವರ ವಾಟ್ಸಾಪ್ ಗುಂಪಿನಲ್ಲಿ ಬರೆದೆ: ‘ಖಾನಾವಳಿ ಊಟದಿಂದ ಹುಡುಗರಿಗೆ ವಾಂತಿ. ಅದಕ್ಕೇ ಬಾಗಿಲು ಹಾಕಿದ್ದಾರೆ.’

ಆ ಎರಡು ಸಾಲುಗಳನ್ನು ಇವತ್ತು ಪಕ್ಕಪಕ್ಕ ಇಟ್ಟು ನೋಡಿದರೆ ನಾನು ಮಾಡಿದ ಕೆಲಸ ಕಾಣುತ್ತದೆ. ಒಬ್ಬ ಹುಡುಗ ಹಲವು ಹುಡುಗರಾದ. ಯಾರೂ ಹೇಳದ ‘ಅದಕ್ಕೇ’ ಬಂದು ಕೂತಿತು. ‘ಆತಂತ’ದಲ್ಲಿದ್ದ ‘ಅಂತ’ ಉದುರಿಹೋಯಿತು. ಮಾತು ಹಿಡಿತದಲ್ಲಿರಲಿ ಎಂದು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಹಿಡಿತ ತಪ್ಪುವುದು ಎಲ್ಲಿ, ಹೇಗೆ ಅನ್ನುವುದು ನನಗೆ ತಿಳಿದದ್ದು ಆ ಎರಡು ಸಾಲುಗಳಿಂದ.

ಹರಟೆ, ಗಾಸಿಪ್, ಚಾಡಿ, ಗಾಳಿಸುದ್ದಿ

ನಾಲ್ಕನ್ನೂ ಒಂದೇ ಚೀಲಕ್ಕೆ ಹಾಕುವುದುಂಟು. ಆದರೆ ಬೇರೆ ಬೇರೆ.

ಹರಟೆ ಅಂದರೆ ಹೊತ್ತು ಹೋಗಲೆಂದು ಆಡುವ ಮಾತು. ಅದರಲ್ಲಿ ಮಳೆ, ಕ್ರಿಕೆಟ್, ಈರುಳ್ಳಿ ರೇಟು ಎಲ್ಲ ಬರುತ್ತದೆ. ಗಾಸಿಪ್ ಅಂದರೆ ಎದುರಿಗೆ ಇಲ್ಲದ ಮೂರನೆಯವರ ಬಗ್ಗೆ ಇಬ್ಬರು ಆಡುವ ಮಾತು. ಅದು ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಚಾಡಿಗೆ ಉದ್ದೇಶ ಇರುತ್ತದೆ: ಇಬ್ಬರ ನಡುವೆ ತಂದಿಡುವುದು. ಸಂಸ್ಕೃತದಲ್ಲಿ ಚಾಡಿಕೋರನನ್ನು ಪಿಶುನ ಅನ್ನುತ್ತಾರೆ, ಹಳಗನ್ನಡದಲ್ಲಿ ಪಿಸುಣ. ಗಾಳಿಸುದ್ದಿಗೆ ಉದ್ದೇಶವೇ ಬೇಕಿಲ್ಲ. ಅದು ಎಲ್ಲಿಂದ ಹೊರಟಿತು ಅಂತ ಯಾರಿಗೂ ಗೊತ್ತಿಲ್ಲದಿದ್ದರೆ ಸಾಕು.

ನಿಜ ಹೇಳಿದರೆ ತಪ್ಪೇನು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇಸ್ಲಾಂ ಇದನ್ನು ಚೆನ್ನಾಗಿ ಬಿಡಿಸಿಟ್ಟಿದೆ. ಒಬ್ಬರ ಬೆನ್ನ ಹಿಂದೆ, ಅವರಿಗೆ ಇಷ್ಟವಾಗದ ನಿಜವನ್ನು ಆಡಿದರೆ ಅದು ಗೀಬತ್. ಅದೇ ಮಾತು ಸುಳ್ಳಾಗಿದ್ದರೆ ಬುಹ್ತಾನ್. ಅಂದರೆ ನಿಜವಾದ ಮಾತ್ರಕ್ಕೆ ಮಾತು ಗೀಬತ್‌ನಿಂದ ತಪ್ಪಿಸಿಕೊಳ್ಳುವುದಿಲ್ಲ. 12ನೇ ಶತಮಾನದ ಬಸವಣ್ಣನವರು ‘ಇದಿರ ಹಳಿಯಲು ಬೇಡ’ ಅಂದಾಗಲೂ, ಸುಳ್ಳು ಹೇಳಿ ಹಳಿಯಬೇಡ ಅನ್ನಲಿಲ್ಲ. ‘ಹುಸಿಯ ನುಡಿಯಲು ಬೇಡ’ ಅನ್ನುವುದು ಅದೇ ವಚನದಲ್ಲಿ ಬೇರೆಯಾಗಿಯೇ ಇದೆ.

ಹಾಗಂತ ಮೂರನೆಯವರ ಬಗ್ಗೆ ಆಡುವ ಮಾತೆಲ್ಲ ವಿಷ ಅಂದುಕೊಳ್ಳಬೇಡಿ. 2019ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು 467 ಜನರ ದಿನನಿತ್ಯದ ಮಾತಿನ ತುಣುಕುಗಳನ್ನು ಪರೀಕ್ಷಿಸಿದರು. ಈ ಜನ ಸಣ್ಣ ರೆಕಾರ್ಡರ್ ಹೊತ್ತು ಓಡಾಡಿದ್ದರು. ಒಬ್ಬೊಬ್ಬರು ದಿನಕ್ಕೆ ಸರಾಸರಿ 52 ನಿಮಿಷ ಇಲ್ಲದವರ ಬಗ್ಗೆ ಮಾತಾಡಿದ್ದರು. ಅದರಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು ಸಪ್ಪೆ ಮಾತು. ತಮ್ಮನಿಗೆ ಕೆಲಸ ಸಿಕ್ಕಿತು, ಅತ್ತೆ ಊರಿಗೆ ಹೋದರು, ಈ ಥರದ್ದು. ಉಳಿದ ಕಾಲು ಪಾಲಿನಲ್ಲಿ ಮಾತ್ರ ಹೊಗಳಿಕೆ, ತೆಗಳಿಕೆ. ಆದರೆ ಆ ಪಾಲಿನಲ್ಲಿ ತೆಗಳಿಕೆಯೇ ಜಾಸ್ತಿ.

ಒಂದು ಪ್ರತ್ಯಯದ ಕೆಲಸ

ಕನ್ನಡದಲ್ಲಿ ‘ಅವನು ಬಂದ’ ಅಂದರೆ ನಾನು ನೋಡಿದ್ದೇನೆ, ಇಲ್ಲವೇ ನನಗೆ ಖಾತ್ರಿ ಇದೆ. ‘ಅವನು ಬಂದನಂತೆ’ ಅಂದರೆ ಯಾರೋ ಹೇಳಿದರು, ನಾನು ಹೊಣೆ ಅಲ್ಲ. ಧಾರವಾಡದ ಕಡೆ ಇದೇ ‘ಬಂದಾನಂತ’ ಆಗುತ್ತದೆ. ಎರಡೇ ಅಕ್ಷರ. ಆದರೆ ಆ ಎರಡು ಅಕ್ಷರ ಒಂದು ಚೀಟಿ ಇದ್ದಂತೆ. ಮಾತು ಎಲ್ಲಿಂದ ಬಂತು ಅಂತ ಅದರ ಮೇಲೆ ಬರೆದಿರುತ್ತದೆ.

ಇದು ಕನ್ನಡಕ್ಕೆ ಮಾತ್ರ ಇರುವ ಸೌಲಭ್ಯವಲ್ಲ. ತಮಿಳರು ‘ವಂದಾನಾಂ’ ಅನ್ನುತ್ತಾರೆ, ತೆಲುಗರು ‘ವಚ್ಚಾಡಟ’. ತುರ್ಕಿ ಭಾಷೆಯಲ್ಲೂ ಕಂಡದ್ದಕ್ಕೆ ಒಂದು ಪ್ರತ್ಯಯ, ಕೇಳಿದ್ದಕ್ಕೆ ಇನ್ನೊಂದು. ಅಮೆಜಾನ್ ಕಾಡಿನ ತರಿಯಾನ ಎಂಬ ಭಾಷೆ ಇನ್ನೂ ಕಟ್ಟುನಿಟ್ಟು. ಕಣ್ಣಾರೆ ಕಂಡದ್ದಾ, ಸದ್ದು ಕೇಳಿದ್ದಾ, ಗುರುತು ನೋಡಿ ಊಹಿಸಿದ್ದಾ, ತಿಳಿದ ಸಂಗತಿಯಿಂದ ಲೆಕ್ಕ ಹಾಕಿದ್ದಾ, ಬೇರೆಯವರು ಹೇಳಿದ್ದಾ ಅಂತ ಐದು ಬಗೆಯಲ್ಲಿ ಕ್ರಿಯಾಪದಕ್ಕೆ ಗುರುತು ಹಾಕಬೇಕು.

ಕನ್ನಡದಲ್ಲಿ ಆ ಕಡ್ಡಾಯ ಇಲ್ಲ. ‘ಅಂತೆ’ ಬಿಟ್ಟರೂ ವಾಕ್ಯ ವ್ಯಾಕರಣದ ಪ್ರಕಾರ ಸರಿಯಾಗಿಯೇ ಇರುತ್ತದೆ. ಬಿಟ್ಟರೆ ಮಾತಿಗೆ ತೂಕವೂ ಬರುತ್ತದೆ. ‘ಅವರಿಬ್ಬರೂ ಬೇರೆಯಾದರಂತೆ’ ಅನ್ನುವವನಿಗಿಂತ ‘ಬೇರೆಯಾದರು, ನಂಗೊತ್ತು’ ಅನ್ನುವವನ ಕಡೆಗೆ ಕಿವಿ ಬೇಗ ತಿರುಗುತ್ತದೆ, ಅಲ್ವಾ? ಹಾಗಾಗಿ ಮಾತು ದಾಟುತ್ತಾ ಹೋದಂತೆ ಮೊದಲು ಉದುರುವುದೇ ಈ ಚೀಟಿ. ಪತ್ರಿಕೆಯವರು ‘ಎನ್ನಲಾಗಿದೆ’ ಅಂತ ಬರೆಯುತ್ತಾರಲ್ಲ, ಅದೂ ಇದೇ ಚೀಟಿ. ಓದಿದವರು ಮನೆಯಲ್ಲಿ ಹೇಳುವ ಹೊತ್ತಿಗೆ ಅದು ಇರುವುದಿಲ್ಲ. ‘ಆರೋಪಿ’ ಊಟದ ಹೊತ್ತಿಗೆ ‘ಕಳ್ಳ’ ಆಗಿರುತ್ತಾನೆ.

ಬಾಯಿಂದ ಬಾಯಿಗೆ ದಾಟುವಾಗ

ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ ಎಂಬ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು ಎರಡನೇ ಮಹಾಯುದ್ಧದ ಕಾಲದ ಗಾಳಿಸುದ್ದಿಗಳನ್ನು ನೋಡಿ ಇದರ ಬೆನ್ನು ಹತ್ತಿದರು. 1947ರಲ್ಲಿ ತಮ್ಮ ಕೆಲಸ ಪ್ರಕಟಿಸಿದರು. ಪ್ರಯೋಗ ಸರಳ. ಒಬ್ಬರು ಚಿತ್ರವೊಂದನ್ನು ನೋಡಿ ಇನ್ನೊಬ್ಬರಿಗೆ ವಿವರಿಸಬೇಕು. ಕೇಳಿದವರು ಚಿತ್ರ ನೋಡದೆ ಮುಂದಿನವರಿಗೆ ಹೇಳಬೇಕು. ಐದಾರು ಬಾಯಿ ದಾಟುವಷ್ಟರಲ್ಲಿ ಸುಮಾರು 70 ಶೇಕಡಾ ವಿವರಗಳು ಹೋಗಿರುತ್ತಿದ್ದವು.

ಉಳಿದದ್ದು ಹೇಗೆ ಉಳಿಯುತ್ತದೆ ಅನ್ನುವುದು ಇನ್ನೂ ಸ್ವಾರಸ್ಯ. ಮಾತು ಮೊದಲು ಚಿಕ್ಕದಾಗುತ್ತದೆ. ಆಮೇಲೆ ಉಳಿದ ತುಂಡು ಚೂಪಾಗುತ್ತದೆ. ಕೊನೆಗೆ ಅದು ಹೇಳುವವರ ತಲೆಯಲ್ಲಿ ಮೊದಲೇ ಇರುವ ಅಚ್ಚಿಗೆ ಹೊಂದಿಕೊಳ್ಳುತ್ತದೆ. ಒಂದು ಚಿತ್ರದಲ್ಲಿ ರೈಲಿನೊಳಗೆ ಬಿಳಿಯನೊಬ್ಬ ಕೈಯಲ್ಲಿ ಕ್ಷೌರದ ಕತ್ತಿ ಹಿಡಿದು ಕಪ್ಪು ಮನುಷ್ಯನ ಜೊತೆ ಮಾತಾಡುತ್ತಿದ್ದ. ಅರ್ಧಕ್ಕಿಂತ ಹೆಚ್ಚು ಸಲ, ಯಾವುದೋ ಒಂದು ಬಾಯಿಯಲ್ಲಿ, ಆ ಕತ್ತಿ ಕಪ್ಪು ಮನುಷ್ಯನ ಕೈಗೆ ದಾಟಿತ್ತು. ಸುಳ್ಳು ಹೇಳಬೇಕು ಅಂತ ಯಾರೂ ಕೂತಿರಲಿಲ್ಲ.

ನಮ್ಮ ಡಬ್ಬಿ ಕಥೆಯಲ್ಲೂ ಹೀಗೇ ಆಗಿತ್ತು. ಆಮೇಲೆ ಕೆದಕಿ ನೋಡಿದಾಗ ತಿಳಿಯಿತು: ವಾಂತಿ ಆಗಿದ್ದು ನಿಜ. ಆ ಹುಡುಗ ಭಾನುವಾರ ಕಾರವಾರದಿಂದ ಬಸ್ಸಿನಲ್ಲಿ ಬಂದಿದ್ದ. ಅರಬೈಲು ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿತ್ತು. ಅವನು ಅಕ್ಕಾರ ಡಬ್ಬಿ ಉಣ್ಣುವವನು ಅನ್ನುವುದೂ ನಿಜ. ಬಸ್ಸು, ಘಟ್ಟ, ಭಾನುವಾರ ಮೂರೂ ದಾರಿಯಲ್ಲಿ ಉದುರಿದವು. ‘ಡಬ್ಬಿ’ ಮತ್ತು ‘ವಾಂತಿ’ ಉಳಿದವು. ಎರಡನ್ನು ಪಕ್ಕದಲ್ಲಿಟ್ಟರೆ ಉಳಿದದ್ದನ್ನು ತಲೆಯೇ ಹೊಲಿದುಕೊಳ್ಳುತ್ತದೆ.

ಯಾವ ಸುದ್ದಿ ಹಬ್ಬುತ್ತದೆ ಅನ್ನುವುದಕ್ಕೂ ಆ ಇಬ್ಬರು ಒಂದು ಲೆಕ್ಕ ಕೊಟ್ಟರು. ವಿಷಯ ನಮಗೆ ಎಷ್ಟು ಮುಖ್ಯ, ಅದರ ಬಗ್ಗೆ ಎಷ್ಟು ಅಸ್ಪಷ್ಟತೆ ಇದೆ, ಇವೆರಡರ ಗುಣಾಕಾರ. ಕೂಡುವುದಲ್ಲ, ಗುಣಿಸುವುದು. ಒಂದು ಸೊನ್ನೆಯಾದರೆ ಲೆಕ್ಕವೇ ಸೊನ್ನೆ. ಊಟ ನಮಗೆ ದಿನಾ ಬೇಕು. ಬಾಗಿಲಿಗೆ ಕೀಲಿ ಬಿದ್ದಿತ್ತು, ಕಾರಣದ ಬೋರ್ಡು ಇರಲಿಲ್ಲ. ಎರಡೂ ಭರ್ತಿ. ‘ನೀರಿಲ್ಲ, ಬುಧವಾರ ಡಬ್ಬಿ ಬರುತ್ತದೆ’ ಅಂತ ಒಂದು ಚೀಟಿ ಅಂಟಿಸಿದ್ದರೆ ನನ್ನ ಸಂದೇಶ ಹುಟ್ಟುತ್ತಲೇ ಇರಲಿಲ್ಲ. ನಿಜವಾದ ಕಾರಣ ಅದೇ: ಮೋಟಾರು ಸುಟ್ಟಿತ್ತು, ತೊಟ್ಟಿ ಖಾಲಿ.

ಹಿತ್ತಾಳೆ ಕಿವಿ

ಚಾಡಿ ಮಾತನ್ನು ಸುಲಭವಾಗಿ ನಂಬುವವರನ್ನು ‘ಹಿತ್ತಾಳೆ ಕಿವಿ’ ಅನ್ನುತ್ತೇವೆ. ಕೈಕೇಯಿಯ ಕಿವಿಗೆ ಮಂಥರೆ ಬಿದ್ದ ಕಥೆ ಎಲ್ಲರಿಗೂ ಗೊತ್ತು. ಆದರೆ ಹಿತ್ತಾಳೆ ಅವರ ಕಿವಿಯಲ್ಲಿ ಮಾತ್ರ ಇಲ್ಲ. ನಮ್ಮೆಲ್ಲರ ತಲೆಯ ರಚನೆಯಲ್ಲೇ ಸ್ವಲ್ಪ ಇದೆ.

1977ರ ಒಂದು ಅಮೆರಿಕನ್ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಕೆಲವು ಹೇಳಿಕೆಗಳನ್ನು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಕೇಳಿಸಿದರು. ಕೆಲವು ನಿಜ, ಕೆಲವು ಸುಳ್ಳು. ಮತ್ತೆ ಮತ್ತೆ ಕೇಳಿದ್ದು ಸುಳ್ಳಾಗಿದ್ದರೂ ಹೆಚ್ಚು ನಿಜ ಅನ್ನಿಸತೊಡಗಿತು. ಕೇಳಿದ್ದು ಪರಿಚಿತ ಅನ್ನಿಸುತ್ತದೆ, ಪರಿಚಿತವಾದದ್ದನ್ನು ತಲೆ ನಿಜದ ಪಕ್ಕಕ್ಕೆ ಇಡುತ್ತದೆ. ಒಂದೇ ಸುದ್ದಿ ಆಫೀಸಿನ ಗುಂಪು, ಬಂಧುಗಳ ಗುಂಪು, ಹಾಲಿನ ಅಂಗಡಿ ಮೂರೂ ಕಡೆಯಿಂದ ಬಂದರೆ ಮೂರು ಸಾಕ್ಷಿ ಸಿಕ್ಕ ಹಾಗೆ ಅನ್ನಿಸುವುದು ಇದಕ್ಕೇ. ಮೂರೂ ಕಡೆ ಹೇಳಿದವರು ಒಬ್ಬರಿಂದಲೇ ಕೇಳಿರಬಹುದು.

ಇನ್ನೊಂದು ಉಪಾಯ ನಾವೇ ಬಳಸುತ್ತೇವೆ. ನೇರವಾಗಿ ಹೇಳದೆ ಪ್ರಶ್ನೆ ಕೇಳುವುದು. ‘ಸುಮ್ನೆ ಕೇಳ್ದೆ, ಅವರ ಮಗ ಕೆಲಸ ಕಳ್ಕೊಂಡ್ನಾ?’ ಕೇಳಿದ್ದು ಪ್ರಶ್ನೆ ತಾನೇ, ಆರೋಪ ಅಲ್ಲವಲ್ಲ ಅಂತ ಸಮಾಧಾನ. 1981ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು ಇದನ್ನು ಪತ್ರಿಕೆಯ ತಲೆಬರಹಗಳಿಂದ ಪರೀಕ್ಷಿಸಿದರು. ಇಂಥವರಿಗೆ ಆ ಹಗರಣದ ನಂಟಿದೆಯೇ ಎಂಬ ಬರೀ ಪ್ರಶ್ನೆ ಓದಿದವರಿಗೂ ಆ ವ್ಯಕ್ತಿಯ ಮೇಲಿನ ಅಭಿಪ್ರಾಯ ಕೆಟ್ಟಿತ್ತು. ನೇರ ಆರೋಪ ಓದಿದವರಷ್ಟೇ ಅನ್ನಬಹುದು.

ಮಾತು ಊರು ದಾಟಿದಾಗ

ಕರ್ನಾಟಕ ಇದರ ಬೆಲೆ ಎರಡು ಸಲ ತೆತ್ತಿದೆ.

2012ರ ಆಗಸ್ಟ್. ಅಸ್ಸಾಮಿನಲ್ಲಿ ಗಲಭೆ ನಡೆದಿತ್ತು. ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ಆಗಲಿದೆಯಂತೆ ಎಂಬ ಮಾತು ಎಸ್ಸೆಮ್ಮೆಸ್ ಮತ್ತು ಫೋನಿನಲ್ಲಿ ಹರಿಯಿತು. ಸಾವಿರಾರು ಜನ ಬ್ಯಾಗು ಹಿಡಿದು ಬೆಂಗಳೂರು ಸಿಟಿ ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಒಟ್ಟೊಟ್ಟಿಗೆ ಹಲವರಿಗೆ ಎಸ್ಸೆಮ್ಮೆಸ್ ಕಳಿಸುವುದಕ್ಕೆ ಕೇಂದ್ರ ಸರ್ಕಾರ ದೇಶಾದ್ಯಂತ 15 ದಿನ ತಡೆ ಹಾಕಿತು.

2018ರದ್ದು ಇನ್ನೂ ಘೋರ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶಗಳು ಹಲವು ರಾಜ್ಯಗಳಲ್ಲಿ ಹಬ್ಬಿದವು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಗುಂಪಿನ ಹೊಡೆತಕ್ಕೆ ಸತ್ತರು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು.

ಆ ದಿನಗಳಲ್ಲಿ ಎಲ್ಲರ ಫೋನಿನಲ್ಲೂ ಓಡಾಡಿದ ಒಂದು ವಿಡಿಯೊ ನೆನಪಿರಬಹುದು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿಯ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ವಾಪಸ್ ತಂದು ಬಿಡುತ್ತಾರೆ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗ ಕತ್ತರಿಸಿದ್ದರು. ವಿಡಿಯೊದ ‘ಅಂತೆ’ ಇದ್ದದ್ದು ಅಲ್ಲೇ.

ಇಂಥ ಸಾವುಗಳು ನಡೆಯುತ್ತಿದ್ದ ಹೊತ್ತಿನಲ್ಲೇ, ಜುಲೈ 2018ರಲ್ಲಿ ವಾಟ್ಸಾಪ್ ಎರಡು ಬದಲಾವಣೆ ಮಾಡಿತು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ದಾಟಿಸಬಹುದು ಎಂಬ ಮಿತಿ ತಂದಿತು. ದಾಟಿ ಬಂದ ಸಂದೇಶದ ಮೇಲೆ ‘ಫಾರ್ವರ್ಡ್’ ಎಂಬ ಗುರುತು ಬಂತು. ಆಮೇಲೆ ಬಹಳ ಸಲ ದಾಟಿದ್ದಕ್ಕೆ ಜೋಡಿ ಬಾಣ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಆ ಬಾಣ ಬೇರೇನಲ್ಲ, ನಾವು ಬೀಳಿಸಿದ ‘ಅಂತೆ’ಯನ್ನು ಯಂತ್ರ ಎತ್ತಿ ಅಂಟಿಸಿದ್ದು. ಕಾಪಿ ಮಾಡಿ ಪೇಸ್ಟ್ ಮಾಡಿದರೆ ಬಾಣ ಹೋಗುತ್ತದೆ. ನಾವು ಎಷ್ಟು ಜಾಣರು ನೋಡಿ.

ಕಾನೂನು ಏನು ನೋಡುತ್ತದೆ

1 ಜುಲೈ 2024ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 499, 500ನೇ ಸೆಕ್ಷನ್‌ಗಳಲ್ಲಿದ್ದ ಮಾನಹಾನಿ ಈಗ 356ನೇ ಸೆಕ್ಷನ್. ಬಾಯಿಮಾತು, ಬರಹ, ಸನ್ನೆ, ಚಿತ್ರ ಯಾವುದರಿಂದಲಾದರೂ ಒಬ್ಬರ ಹೆಸರು ಕೆಡಿಸುವುದು ಇದರಲ್ಲಿ ಬರುತ್ತದೆ. ಅವರ ಕಸುಬಿನ ಹೆಸರು ಕೆಡಿಸುವುದೂ ಸೇರಿದೆ. ಗರಿಷ್ಠ ಎರಡು ವರ್ಷ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಕೊನೆಯದು ಹೊಸದಾಗಿ ಸೇರಿದ್ದು.

‘ನಾನು ಹೇಳಿದ್ದು ನಿಜ’ ಅಂದರೆ ಸಾಕಾ? ಈ ಸೆಕ್ಷನ್‌ನಲ್ಲಿ ಅದೊಂದೇ ಸಾಲದು. ಮಾತು ನಿಜವಾಗಿರಬೇಕು, ಜೊತೆಗೆ ಅದನ್ನು ಹೇಳುವುದರಲ್ಲಿ ಸಾರ್ವಜನಿಕರ ಹಿತ ಇರಬೇಕು. ಗೀಬತ್‌ನ ವಿವರಣೆಗೆ ಹತ್ತಿರದ ಯೋಚನೆ.

‘ನಾನು ಸುಮ್ನೆ ಫಾರ್ವರ್ಡ್ ಮಾಡಿದೆ’ ಅನ್ನುವುದು? 2023ರಲ್ಲಿ ಮದ್ರಾಸ್ ಹೈಕೋರ್ಟ್ ಈ ಮಾತನ್ನು ಒಪ್ಪಲಿಲ್ಲ. ದಾಟಿಸಿದವರು ಅದರ ಒಳಗಿರುವುದಕ್ಕೂ ಹೊಣೆ ಅಂದಿತು. ಅದರಲ್ಲಿ ಸುಪ್ರೀಂ ಕೋರ್ಟ್ ಕೈ ಹಾಕಲಿಲ್ಲ.

ಸಾಕ್ಷಿಯ ವಿಚಾರದಲ್ಲೂ ಕೋರ್ಟು ತರಿಯಾನ ಭಾಷೆಯ ಹಾಗೆಯೇ. ಕಂಡದ್ದಾದರೆ ಕಂಡವರೇ ಬಂದು ಹೇಳಬೇಕು, ಕೇಳಿದ್ದಾದರೆ ಕೇಳಿದವರೇ. ಕೆಲವು ವಿನಾಯಿತಿಗಳಿವೆ, ಆದರೆ ‘ಅಂತೆ’ ಹೊತ್ತ ಮಾತು ಸಾಮಾನ್ಯವಾಗಿ ಕಟಕಟೆ ಹತ್ತುವುದಿಲ್ಲ.

ಹಾಗಾದರೆ ಬಾಯಿ ಹೊಲಿದುಕೊಳ್ಳಬೇಕಾ?

ಇಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ‘ನಮಗ್ಯಾಕೆ ಊರ ಉಸಾಬರಿ’ ಅಂತ ಮೌನವಾಗಿರುವುದೂ ಕೆಲವೊಮ್ಮೆ ದುಬಾರಿ. ಇಂಥ ಮನೆ ಮಾಲೀಕ ಅಡ್ವಾನ್ಸ್ ವಾಪಸ್ ಕೊಡುವುದಿಲ್ಲ, ಇಂಥ ಬಾಸ್ ಜೊತೆ ಒಬ್ಬಳೇ ಕೂರಬೇಡ ಎಂಬ ಪಿಸುಮಾತು ಎಷ್ಟೋ ಜನರನ್ನು ಕಾಪಾಡಿದೆ. ಮೇಲಿನವರ ಬಗ್ಗೆ ಜೋರಾಗಿ ಮಾತಾಡಲಾಗದ ಜನರಿಗೆ ಅದೊಂದೇ ಬೇಲಿ.

ಕಾನೂನು ಕೂಡ ಇದಕ್ಕೆ ದಾರಿ ಬಿಟ್ಟಿದೆ. ಮಾನಹಾನಿಗೆ ಇರುವ ಹತ್ತು ವಿನಾಯಿತಿಗಳಲ್ಲಿ ಎರಡು ನಮ್ಮ ದಿನನಿತ್ಯಕ್ಕೆ ಬೇಕಾದವು. ಒಂದು, ಅಧಿಕಾರ ಇರುವವರ ಮುಂದೆ ಸದುದ್ದೇಶದಿಂದ ದೂರು ಕೊಡುವುದು. ಇನ್ನೊಂದು, ಕೇಳುವವರ ಒಳಿತಿಗಾಗಿ ಸದುದ್ದೇಶದಿಂದ ಎಚ್ಚರಿಸುವುದು. ಊಟದಲ್ಲಿ ನಿಜವಾಗಿ ದೋಷವಿದ್ದರೆ ನಾನು ಮೊದಲು ಅಕ್ಕಾರನ್ನು ಕೇಳಬೇಕಿತ್ತು, ಆಮೇಲೆ ಆಹಾರ ಸುರಕ್ಷತಾ ಅಧಿಕಾರಿಗೆ ಬರೆಯಬೇಕಿತ್ತು. ಗುಂಪಿಗೆ ಹೇಳಲೇಬೇಕು ಅನ್ನಿಸಿದ್ದರೆ, ಕೇಳಿದ್ದನ್ನು ಕೇಳಿದ ಹಾಗೆ: ‘ಒಬ್ಬನಿಗೆ ವಾಂತಿ ಆಯಿತಂತೆ. ಕಾರಣ ಗೊತ್ತಿಲ್ಲ. ವಿಚಾರಿಸುತ್ತೇನೆ.’ ರುಚಿಯಿಲ್ಲದ ಸಂದೇಶ. ಯಾರೂ ಮುಂದಕ್ಕೆ ಕಳಿಸುತ್ತಿರಲಿಲ್ಲ.

ಕೆಟ್ಟ ಮಾತು ಆಡಿದವರಿಗೂ ಸ್ವಲ್ಪ ಅಂಟುತ್ತದೆ. 1998ರಲ್ಲಿ ಪ್ರಕಟವಾದ ಕೆಲವು ಪ್ರಯೋಗಗಳಲ್ಲಿ ಒಬ್ಬರು ಇನ್ನೊಬ್ಬರ ಕ್ರೂರತನದ ಬಗ್ಗೆ ಹೇಳಿದರು. ಕೆಲದಿನ ಕಳೆದ ಮೇಲೆ ಕೇಳಿದವರು ಹೇಳಿದವರನ್ನೇ ಕೊಂಚ ಕ್ರೂರಿ ಅಂದುಕೊಂಡಿದ್ದರು. ಮುಖ ಮತ್ತು ಮಾತು ನೆನಪಿನಲ್ಲಿ ಒಟ್ಟಿಗೆ ಅಂಟಿಕೊಳ್ಳುತ್ತವೆ. ಇದರ ಇನ್ನೊಂದು ಮಗ್ಗುಲೂ ಇದೆ: ಬೇರೆಯವರ ಒಳ್ಳೆಯ ಗುಣ ಹೇಳಿದರೆ ಅದೂ ಹೇಳಿದವರಿಗೆ ಅಂಟುತ್ತದೆ.

ವಾಪಸ್ ಬಾರದ ಮಾತು

ಆಡಿದ ಮಾತನ್ನು ಹಿಂದಕ್ಕೆ ಪಡೆಯಬಹುದಾ? 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೂವರು ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಓಡಾಡಿದ ಸುಮಾರು 1,26,000 ಸುದ್ದಿಗಳ ಜಾಡು ಹಿಡಿದರು. ಸುಳ್ಳು ಸುದ್ದಿ ಮುಂದಕ್ಕೆ ದಾಟುವ ಸಾಧ್ಯತೆ ನಿಜ ಸುದ್ದಿಗಿಂತ 70 ಶೇಕಡಾ ಹೆಚ್ಚು. 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಆರು ಪಟ್ಟು ಹೊತ್ತು ಬೇಕಾಯಿತು. ಸುಳ್ಳು ಹೊಸದಾಗಿ ಕಾಣುತ್ತದೆ, ಬೆರಗು ಹುಟ್ಟಿಸುತ್ತದೆ. ತಿದ್ದುಪಡಿಯಲ್ಲಿ ಬೆರಗು ಏನಿದೆ?

ಬುಧವಾರ ಡಬ್ಬಿ ಬಂತು. ನಾನು ಗುಂಪಿನಲ್ಲಿ ಬರೆದೆ: ‘ನಾನು ಹೇಳಿದ್ದು ತಪ್ಪು. ಮೋಟಾರು ಕೆಟ್ಟಿತ್ತು. ವಾಂತಿಗೂ ಊಟಕ್ಕೂ ಸಂಬಂಧ ಇಲ್ಲ.’ ಎರಡು ಹೆಬ್ಬೆಟ್ಟು ಬಂದವು. ಮೊದಲಿನ ಸಂದೇಶ ಅಷ್ಟರಲ್ಲಿ ನನಗೆ ಗುರುತಿಲ್ಲದ ಗುಂಪುಗಳಲ್ಲೂ ಇತ್ತು. ಆ ತಿಂಗಳ ಕೊನೆಗೆ ನಲವತ್ತರಲ್ಲಿ ಹನ್ನೊಂದು ಡಬ್ಬಿ ನಿಂತಿದ್ದವು.

ಖಾನಾವಳಿಗೆ ಹೋಗಿ ಅಕ್ಕಾರ ಮುಂದೆ ಒಪ್ಪಿಕೊಂಡೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

‘ಒಂದು ಫೋನ್ ಮಾಡಿ ಕೇಳಬೇಕಿತ್ತಲ್ರೀ’ ಅಂದರು. ‘ನಂಬರ್ ಡಬ್ಬಿ ಮುಚ್ಚಳದ ಮ್ಯಾಲ ಬರದೇನಿ.’